ಸೂರ್ಯನ ಮುಂದೆ ಗ್ರಹ ಹಾದು ಹೋಗುವುದನ್ನು ಲೈವ್‌ನಲ್ಲಿ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬುಧನೋ ಶುಕ್ರನೋ ಸೂರ್ಯನ ಮುಂದೆ ಹಾದು ಹೋಗುವ ಸುದ್ದಿ ಬಂದಾಗಲೆಲ್ಲ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಎದುರಿಗೆ ಸಿಕ್ಕವರು ಕೇಳಿದ್ದು, ಪತ್ರದಲ್ಲಿ ಬಂದದ್ದು, ವಾಟ್ಸಾಪ್‌ನಲ್ಲಿ ಬಂದದ್ದು ಎಲ್ಲ ಸೇರಿಸಿ, ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ.

## ಮೊದಲ ಸಲ ಕೇಳುತ್ತಿರುವವರಿಗೆ

ಇದೂ ಗ್ರಹಣದ ಥರಾನೇನಾ?

ಲೆಕ್ಕ ಅದೇ. ಗ್ರಹಣದಲ್ಲಿ ಚಂದ್ರ ಅಡ್ಡ ಬರುತ್ತಾನೆ, ಇಲ್ಲಿ ಬುಧ ಅಥವಾ ಶುಕ್ರ ಬರುತ್ತಾನೆ. ಇದಕ್ಕೆ ಸಂಕ್ರಮಣ ಅನ್ನುತ್ತಾರೆ. ಆದರೆ ಚಂದ್ರ ನಮಗೆ ಹತ್ತಿರ, ಆದ್ದರಿಂದ ಇಡೀ ಸೂರ್ಯನನ್ನೇ ಮುಚ್ಚಬಲ್ಲ. ಈ ಗ್ರಹಗಳು ಕೋಟಿಗಟ್ಟಲೆ ಕಿಲೋಮೀಟರ್ ಆಚೆ ಇವೆ. ಸೂರ್ಯನನ್ನು ಒಂದು ಅಗಲವಾದ ಮಸಾಲೆ ದೋಸೆ ಅಂದುಕೊಂಡರೆ ಬುಧ ಅದರ ಮೇಲೆ ಬಿದ್ದ ಸಾಸಿವೆ ಕಾಳು. ಶುಕ್ರ ಕಡಲೆಕಾಳಿನಷ್ಟು ಇರಬಹುದು. ಕತ್ತಲಾಗುವುದಿಲ್ಲ, ಹಕ್ಕಿಗಳು ಗೂಡಿಗೆ ಹೋಗುವುದಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಗುರು, ಶನಿ ಇವೆಲ್ಲ ಹೀಗೆ ಬರಲ್ವಾ?

ಇಲ್ಲ. ಸೂರ್ಯನಿಗೂ ನಮಗೂ ನಡುವೆ ಸುತ್ತುವ ಗ್ರಹಗಳು ಬುಧ, ಶುಕ್ರ ಎರಡೇ. ಉಳಿದವು ನಮ್ಮಿಂದ ಆಚೆ.

ಮತ್ತೆ ವರ್ಷವರ್ಷ ಯಾಕೆ ಆಗಲ್ಲ?

ಕಕ್ಷೆಗಳು ಒಂದೇ ಮಟ್ಟದಲ್ಲಿಲ್ಲ. ಭೂಮಿಯ ಕಕ್ಷೆಗೆ ಹೋಲಿಸಿದರೆ ಬುಧನ ಕಕ್ಷೆ 7 ಡಿಗ್ರಿ, ಶುಕ್ರನದು ಸುಮಾರು 3.4 ಡಿಗ್ರಿ ವಾಲಿಕೊಂಡಿದೆ. ಹಾಗಾಗಿ ನಡುವೆ ಬಂದಾಗಲೂ ಸಾಮಾನ್ಯವಾಗಿ ಸೂರ್ಯನ ಮೇಲಿಂದಲೋ ಕೆಳಗಿಂದಲೋ ಹಾದು ಹೋಗುತ್ತವೆ. ಎರಡೂ ಕಕ್ಷೆಗಳು ಕತ್ತರಿಸುವ ಜಾಗದಲ್ಲೇ ಸಿಕ್ಕರೆ ಮಾತ್ರ ನೇರಕ್ಕೆ ಬರುತ್ತವೆ. ಬುಧನಿಗೆ ಅದು ಮೇ ಅಥವಾ ನವೆಂಬರ್‌ನಲ್ಲಿ, ನೂರು ವರ್ಷಕ್ಕೆ ಹದಿಮೂರು ಹದಿನಾಲ್ಕು ಸಲ. ಶುಕ್ರನಿಗೆ ಜೂನ್ ಅಥವಾ ಡಿಸೆಂಬರ್‌ನಲ್ಲಿ. ಅದೂ ಎಂಟು ವರ್ಷದ ಅಂತರದಲ್ಲಿ ಜೋಡಿಯಾಗಿ ಬಂದು, ಆಮೇಲೆ ನೂರಕ್ಕೂ ಜಾಸ್ತಿ ವರ್ಷ ಪತ್ತೆಯಿಲ್ಲ.

ಮುಂದಿನದು ಯಾವಾಗ? ನಮ್ಮೂರಲ್ಲಿ ಕಾಣುತ್ತಾ?

2032ರ ನವೆಂಬರ್ 13, ಬುಧ. ನಮ್ಮ ಸಮಯ ಮಧ್ಯಾಹ್ನ ಸುಮಾರು 12:11ಕ್ಕೆ ಶುರುವಾಗಿ ಸಂಜೆ 4:37ರ ಹೊತ್ತಿಗೆ ಮುಗಿಯುತ್ತದೆ. ಬೀದರ್‌ನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕಕ್ಕೆ ಪೂರ್ತಿ ಸಿಗುತ್ತದೆ, ಮೋಡ ಇಲ್ಲದಿದ್ದರೆ. ಅವತ್ತು ಎರಡನೇ ಶನಿವಾರ ಬೇರೆ! ಅದರ ನಂತರ 2039ರ ನವೆಂಬರ್ 7, ಅದೂ ನಮ್ಮ ಮಧ್ಯಾಹ್ನದ ಹೊತ್ತಿಗೇ.

ಎಲ್ಲ ಸಲವೂ ಇಷ್ಟು ಅನುಕೂಲ ಆಗುವುದಿಲ್ಲ. 2016ರ ಮೇ 9ರಂದು ಸಂಜೆ 4:42ಕ್ಕೆ ಶುರುವಾಯಿತು, ಅರ್ಧ ಮುಗಿಯುವ ಮೊದಲೇ ನಮ್ಮಲ್ಲಿ ಸೂರ್ಯ ಮುಳುಗಿದ. 2019ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ಸೂರ್ಯ ಮುಳುಗಿದ ಮೇಲೆ ಶುರುವಾಯಿತು. ಅವತ್ತು ಇಲ್ಲಿ ಕೂತು ನೋಡಿದವರೆಲ್ಲ ಲೈವ್‌ನಲ್ಲೇ ನೋಡಿದ್ದು.

ನಾವು ಹೊರದೇಶದಲ್ಲಿದ್ದೇವೆ. 2032ರಲ್ಲಿ ನಮಗೆ?

ದುಬೈನಲ್ಲಿದ್ದರೆ ಬೆಳಿಗ್ಗೆ 10:41ರಿಂದ ಮಧ್ಯಾಹ್ನ 3:07, ಪೂರ್ತಿ ಕಾಣುತ್ತದೆ. ಲಂಡನ್‌ನಲ್ಲಿ ಸೂರ್ಯ ಹುಟ್ಟುವಾಗಲೇ ಬುಧ ಒಳಗೆ ಬಂದಾಗಿರುತ್ತಾನೆ, 11:07ರವರೆಗೆ ನೋಡಬಹುದು. ನ್ಯೂಯಾರ್ಕ್ ಕಡೆಯವರಿಗೆ ರಾತ್ರಿ 1:41ಕ್ಕೆ ಶುರುವಾಗಿ ಬೆಳಗಾಗುವ ಮೊದಲೇ ಮುಗಿದುಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ 12ರ ರಾತ್ರಿ 10:41ಕ್ಕೇ ಶುರು. ಅಮೆರಿಕದಲ್ಲಿರುವವರಿಗೆ ಲೈವ್ ಒಂದೇ ದಾರಿ.

ಶುಕ್ರನದು ನಮ್ಮ ಮಕ್ಕಳಿಗಾದರೂ ಸಿಗುತ್ತಾ?

ಈಗ ಶಾಲೆಗೆ ಹೋಗುವ ಮಕ್ಕಳಿಗೂ ಕಷ್ಟ. ಈಚಿನ ಜೋಡಿ 2004ರ ಜೂನ್ 8 ಮತ್ತು 2012ರ ಜೂನ್ 6. ಮುಂದಿನದು 2117ರ ಡಿಸೆಂಬರ್. 2012ರಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವಾಗಲೇ ಶುಕ್ರ ಅವನ ಮುಖದ ಮೇಲಿದ್ದ, ಬೆಳಿಗ್ಗೆ ಸುಮಾರು 10:20ಕ್ಕೆ ಹೊರಗೆ ಹೋದ. ಅವತ್ತಿನ ರೆಕಾರ್ಡಿಂಗ್‌ಗಳು ಈಗಲೂ ಸಿಗುತ್ತವೆ. ನಾಸಾ ಹವಾಯಿಯ ಮೌನಾ ಕೇಯಾ ಶಿಖರದಿಂದ ಪ್ರಸಾರ ಮಾಡಿತ್ತು. ಒಂದು ರಜೆಯ ದಿನ ಕೂತು ನೋಡಿ.

ಅಜ್ಜಿ ಕೇಳ್ತಿದ್ದಾರೆ, ಊಟ ಬಿಡಬೇಕಾ? ಬಸುರಿಯರು ಹೊರಗೆ ಹೋಗಬಾರದಾ?

ಬಿಡಬೇಕಾಗಿಲ್ಲ, ಹೋಗಬಹುದು. ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.

## ಲೈವ್ ನೋಡುವವರಿಗೆ

ಫೋನ್‌ನಲ್ಲಿ ನೋಡಿದರೆ ಕಣ್ಣಿಗೆ ಏನೂ ಆಗಲ್ಲ ತಾನೇ?

ಏನೂ ಆಗುವುದಿಲ್ಲ. ಪರದೆ ಮೇಲಿನ ಸೂರ್ಯನೂ ಪರದೆ ಮೇಲಿನ ಕ್ರಿಕೆಟ್ ಮ್ಯಾಚೂ ಕಣ್ಣಿಗೆ ಒಂದೇ. ತೊಂದರೆ ಆಗುವುದು ಲೈವ್ ನೋಡುತ್ತಾ ನೋಡುತ್ತಾ "ಒಂದು ಸಲ ನಾವೂ ನೋಡಿಬಿಡೋಣ" ಅಂತ ಅಂಗಳಕ್ಕೆ ಹೋದಾಗ. ಬರಿಗಣ್ಣು, ಕೂಲಿಂಗ್ ಗ್ಲಾಸ್, ಹಳೇ ಎಕ್ಸ್‌ರೇ, ಸಗಣಿ ನೀರು, ಅರಿಶಿನದ ನೀರು ಯಾವುದೂ ಬೇಡ. ಬೈನಾಕ್ಯುಲರ್‌ನಲ್ಲಿ ನೇರವಾಗಿ ನೋಡಿದರೆ ಕಣ್ಣು ಹೋಗಲು ಕ್ಷಣ ಸಾಕು. ರೆಟಿನಾ ಸುಡುವಾಗ ನೋವು ಗೊತ್ತಾಗುವುದಿಲ್ಲ, ಅದೇ ಭಯ.

ಗ್ರಹಣದ ಕನ್ನಡಕ ಮನೆಯಲ್ಲಿದೆ. ಮತ್ತೆ ಲೈವ್ ಯಾಕೆ?

ಶುಕ್ರನಾಗಿದ್ದರೆ ಅದೇ ಕನ್ನಡಕದಲ್ಲಿ ಕಾಣುತ್ತಿದ್ದ. 2004ರಲ್ಲೂ 2012ರಲ್ಲೂ ಎಷ್ಟೋ ಜನ ಹಾಗೆಯೇ ನೋಡಿದರು. ಬುಧ ಕಾಣುವುದಿಲ್ಲ. ನವೆಂಬರ್‌ನ ಸಂಕ್ರಮಣದಲ್ಲಿ ಅವನ ಅಗಲ ಸೂರ್ಯನ ಅಗಲದ 194ನೇ ಒಂದು ಭಾಗ. ಕನ್ನಡಕಕ್ಕೆ ಹಿಗ್ಗಿಸುವ ಶಕ್ತಿ ಇಲ್ಲ, ನಮ್ಮ ಕಣ್ಣಿಗೆ ಅಷ್ಟು ಸಣ್ಣದು ದಕ್ಕುವುದಿಲ್ಲ. ಫಿಲ್ಟರ್ ಹಾಕಿದ ಟೆಲಿಸ್ಕೋಪ್ ಬೇಕೇ ಬೇಕು.

ಲೈವ್ ಅಂದರೆ ಏನೋ ಎರಡನೇ ದರ್ಜೆ, "ನಿಜವಾಗಿ" ನೋಡಿದ ಹಾಗಲ್ಲ ಅಂತ ಮೂಗು ಮುರಿಯುವವರು ಇದ್ದಾರೆ. ಗ್ರಹಣದ ವಿಷಯದಲ್ಲಿ ಆ ಮಾತು ಒಪ್ಪುತ್ತೇನೆ. ಅಲ್ಲಿ ಗಾಳಿ ತಣ್ಣಗಾಗುವುದು, ನೆರಳು ಬದಲಾಗುವುದು ಎಲ್ಲ ಅನುಭವವೇ. ಬುಧನ ವಿಷಯದಲ್ಲಿ ಒಪ್ಪುವುದಿಲ್ಲ. ಇಲ್ಲಿ ಅನುಭವ ಪೂರ್ತಿ ಆ ಒಂದು ಚುಕ್ಕಿಯಲ್ಲೇ ಇದೆ, ಮತ್ತು ಅದನ್ನು ಒಳ್ಳೆಯ ಲೈವ್ ನಾವು ಸಾಲಿನಲ್ಲಿ ನಿಂತು ನೋಡುವ ಚಿಕ್ಕ ಟೆಲಿಸ್ಕೋಪ್‌ಗಿಂತ ಚೆನ್ನಾಗಿ ತೋರಿಸುತ್ತದೆ. ಹಾಗಂತ ಬೆಂಗಳೂರಿನ ನೆಹರು ತಾರಾಲಯದಂಥ ಕಡೆ ಟೆಲಿಸ್ಕೋಪ್ ಇಟ್ಟರೆ ಬಿಡಬೇಡಿ. ಅಲ್ಲಿ ಪಕ್ಕದಲ್ಲೇ ಕೇಳಲು ಜನ ಸಿಗುತ್ತಾರೆ.

ಅರ್ಧ ಗಂಟೆ ನೋಡಿದೆ, ಬರೀ ಹಳದಿ ಚೆಂಡು. ಚುಕ್ಕಿ ಎಲ್ಲಿ ಸ್ವಾಮಿ?

ಮೊದಲು ವಿಡಿಯೊ ಗುಣಮಟ್ಟ ನೋಡಿ. ಹತ್ತರಲ್ಲಿ ಒಂಬತ್ತು ಸಲ ತೊಂದರೆ ಅಲ್ಲೇ. ಲೆಕ್ಕ ಹಾಕೋಣ. 1080ರಲ್ಲಿ ಸೂರ್ಯ ಪರದೆಯ ಎತ್ತರವನ್ನು ಹೆಚ್ಚು ಕಡಿಮೆ ತುಂಬಿದರೆ ಅವನ ಅಗಲ ಸುಮಾರು 970 ಪಿಕ್ಸೆಲ್. ಅದರ 194ನೇ ಒಂದು ಭಾಗ 5 ಪಿಕ್ಸೆಲ್. ಇಷ್ಟಿದ್ದರೆ ದುಂಡಗಿನ ಕಪ್ಪು ಚುಕ್ಕಿ ಕಾಣುತ್ತದೆ. 480ಕ್ಕೆ ಇಳಿದರೆ ಎರಡು ಪಿಕ್ಸೆಲ್ ಉಳಿಯುತ್ತದೆ. 144ರಲ್ಲಿ ಒಂದು ಪಿಕ್ಸೆಲ್ ಕೂಡ ಇಲ್ಲ. ಬುಧ ಅಲ್ಲಿ ಇದ್ದೂ ಇಲ್ಲ!

ಡೇಟಾ ಉಳಿಸುವ ಆಯ್ಕೆ ಆನ್ ಇದ್ದರೆ ಫೋನ್ ನಿಮಗೆ ಹೇಳದೆಯೇ ಗುಣಮಟ್ಟ ಇಳಿಸಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಕೈಯಾರೆ 1080 ಆರಿಸಿ. ಗಂಟೆಗೆ ಒಂದೂವರೆಯಿಂದ ಮೂರು ಜಿಬಿ ಹೋಗಬಹುದು, ವೈಫೈ ಇದ್ದರೆ ಒಳ್ಳೆಯದು. ಪರದೆ ಒರೆಸಿಕೊಳ್ಳಿ. ಲ್ಯಾಪ್‌ಟಾಪ್ ಆದರೆ ವಿಂಡೊವನ್ನು ಸ್ವಲ್ಪ ಪಕ್ಕಕ್ಕೆ ಎಳೆಯಿರಿ. ಚುಕ್ಕಿ ಚಿತ್ರದ ಜೊತೆ ಬಂದರೆ ಸರಿ, ಇದ್ದಲ್ಲೇ ಇದ್ದರೆ ಅದು ಧೂಳು.

ಸೂರ್ಯನ ಮೇಲೆ ನಾಲ್ಕೈದು ಚುಕ್ಕಿ ಇವೆ. ಇದರಲ್ಲಿ ಬುಧ ಯಾರು?

ಉಳಿದವು ಸೂರ್ಯನ ಕಲೆಗಳು. ಕಲೆಯನ್ನು ಹತ್ತಿರದಿಂದ ನೋಡಿದರೆ ನಡುವೆ ಗಾಢ, ಸುತ್ತ ಬೂದು ಅಂಚು, ಆಕಾರ ಅಂಕುಡೊಂಕು. ಬುಧ ಪೂರ್ತಿ ದುಂಡಗೆ, ಮಸಿಯಂತೆ ಕಪ್ಪು, ಬೂದು ಅಂಚಿಲ್ಲ. ಸಂಶಯ ಇದ್ದರೆ ಒಂದು ಸ್ಕ್ರೀನ್‌ಶಾಟ್ ತೆಗೆದು, ಅರ್ಧ ಗಂಟೆ ಬಿಟ್ಟು ಇನ್ನೊಂದು ತೆಗೆದು ಹೋಲಿಸಿ. ಸೂರ್ಯ ಒಂದು ಸುತ್ತು ತಿರುಗಿದಂತೆ ನಮಗೆ ಕಾಣಲು ಸುಮಾರು 27 ದಿನ ಬೇಕು, ಹಾಗಾಗಿ ಕಲೆಗಳು ಅಷ್ಟರಲ್ಲಿ ಅಲುಗಿದಂತೆ ಕಾಣುವುದಿಲ್ಲ. ಜಾಗ ಬಿಟ್ಟಿದ್ದು ಬುಧ.

ನಾಲ್ಕೂವರೆ ಗಂಟೆ ಪೂರ್ತಿ ಕೂರಬೇಕಾ?

ಬೇಡ. ನಡುವಿನ ಹೊತ್ತು ಒಂದು ಚುಕ್ಕಿ ನಿಧಾನಕ್ಕೆ ಸರಿಯುತ್ತಿರುತ್ತದೆ, ಅಷ್ಟೇ. ನೋಡಬೇಕಾದ್ದು ಒಳಗೆ ಬರುವುದು ಮತ್ತು ಹೊರಗೆ ಹೋಗುವುದು. ಶುರುವಾಗುವ ಐದು ನಿಮಿಷ ಮುಂಚೆ ಕೂತುಕೊಳ್ಳಿ. ಸೂರ್ಯನ ಅಂಚು ನೀರಿನ ಆವಿಯ ಮೂಲಕ ನೋಡಿದಂತೆ ಸದಾ ನಡುಗುತ್ತಿರುತ್ತದೆ, ಅದು ನಮ್ಮ ವಾತಾವರಣದ ಕೆಲಸ. ಆ ನಡುಕದಲ್ಲಿ ಒಂದು ಕಡೆ ಮಾತ್ರ ಸಣ್ಣ ಕಚ್ಚು ಬಿದ್ದಂತೆ ಕಾಣುತ್ತದೆ. ಮಾಯವಾಗುತ್ತದೆ, ಮತ್ತೆ ಕಾಣುತ್ತದೆ. "ಇದೆಯಾ, ಇಲ್ವಾ" ಅನ್ನುವಷ್ಟರಲ್ಲಿ ಕಚ್ಚು ಆಳವಾಗಿ ಅರ್ಧ ವೃತ್ತ ಆಗುತ್ತದೆ. ಎರಡು ಮೂರು ನಿಮಿಷದಲ್ಲಿ ಇಡೀ ಬುಧ ಒಳಗೆ. ಶುಕ್ರನಿಗೆ ಇದೇ ಕೆಲಸಕ್ಕೆ 18 ನಿಮಿಷ ಹಿಡಿದಿತ್ತು. ಮಧ್ಯೆ ಊಟ, ನಿದ್ದೆ ಎಲ್ಲ ಮುಗಿಸಿಕೊಂಡು ಕೊನೆಗೆ ಮತ್ತೆ ಬನ್ನಿ.

ಒಂದು ಚಾನೆಲ್‌ನಲ್ಲಿ ಕೆಂಪು, ಒಂದರಲ್ಲಿ ಬಿಳಿ, ಇನ್ನೊಂದರಲ್ಲಿ ಬಂಗಾರ. ಯಾವುದು ನಿಜವಾದ ಸೂರ್ಯ?

ಎಲ್ಲವೂ. ಬಿಳಿ ಅಥವಾ ತೆಳು ಹಳದಿ ಅಂದರೆ ಸಾಮಾನ್ಯ ಫಿಲ್ಟರ್, ಕಲೆಗಳು ಇದರಲ್ಲಿ ಚೆನ್ನಾಗಿ ಕಾಣುತ್ತವೆ. ಕೆಂಪು ಅಂದರೆ ಹೈಡ್ರೋಜನ್-ಆಲ್ಫಾ ಫಿಲ್ಟರ್, 656.3 ನ್ಯಾನೋಮೀಟರ್‌ನ ಬೆಳಕನ್ನು ಮಾತ್ರ ಬಿಡುತ್ತದೆ. ಅಂಚಿನಲ್ಲಿ ಏಳುವ ಜ್ವಾಲೆಗಳು ಇದರಲ್ಲಿ ಸಿಗುತ್ತವೆ. ಬಂಗಾರದ್ದು ಹೆಚ್ಚಾಗಿ ನಾಸಾದ ಸೋಲಾರ್ ಡೈನಾಮಿಕ್ಸ್ ಅಬ್ಸರ್ವೇಟರಿ ಉಪಗ್ರಹದ್ದು. ಅದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕು, ಬಣ್ಣ ನಾವು ಕೊಟ್ಟದ್ದು.

ನನ್ನನ್ನು ಕೇಳಿದರೆ ಆ ಬಂಗಾರದ್ದೇ ಮೇಲು. ಬಿಳಿ ಚಿತ್ರದಲ್ಲಿ ಬುಧ ಸೂರ್ಯನಿಗೆ ತಾಗುವವರೆಗೆ ಏನೂ ಕಾಣುವುದಿಲ್ಲ. ಅತಿನೇರಳೆಯಲ್ಲಿ ಸೂರ್ಯನ ಸುತ್ತಲಿನ ಬಿಸಿ ಅನಿಲದ ಹೊದಿಕೆ, ಅಂದರೆ ಕರೋನಾ, ಹೊಳೆಯುತ್ತಿರುತ್ತದೆ, ಅದರ ಹಿನ್ನೆಲೆಯಲ್ಲಿ ಬುಧ ಇನ್ನೂ ಹೊರಗಿರುವಾಗಲೇ ಕಪ್ಪು ಚುಕ್ಕಿಯಾಗಿ ಬರುವುದು ಕಾಣುತ್ತದೆ. 2016 ಮತ್ತು 2019ರ ಚಿತ್ರಗಳನ್ನು ಹುಡುಕಿ ನೋಡಿ.

ಇದು ನಿಜವಾಗಿ ಲೈವಾ, ಇಲ್ಲ ಹಳೇ ವಿಡಿಯೊ ಬಿಟ್ಟಿದ್ದಾರಾ?

ಕೇಳಬೇಕಾದ ಪ್ರಶ್ನೆಯೇ. ಮೂಲೆಯಲ್ಲಿ ಕೆಂಪಗೆ "ಲೈವ್" ಅಂತ ಬರೆದು ಹಳೆಯದನ್ನೇ ಸುತ್ತಿಸುವ ಚಾನೆಲ್‌ಗಳು ಇಂಥ ದಿನ ಹುಟ್ಟಿಕೊಳ್ಳುತ್ತವೆ. ಶುಕ್ರನ ವಿಡಿಯೊ ಹಾಕಿ ಬುಧ ಅನ್ನುವವರೂ ಇದ್ದಾರೆ. ಚುಕ್ಕಿ ಸೂರ್ಯನ ಅಗಲದ ಮೂವತ್ತನೇ ಒಂದು ಭಾಗದಷ್ಟು ದಪ್ಪ ಇದ್ದರೆ ಅದು ಬುಧ ಅಲ್ಲ, 2012ರ ಶುಕ್ರ.

ಇನ್ನೂ ಗಟ್ಟಿ ಪರೀಕ್ಷೆ ಸೂರ್ಯನ ಕಲೆಗಳು. ಅವು ದಿನದಿನಕ್ಕೆ ಬದಲಾಗುತ್ತವೆ, ಹಳೇ ವಿಡಿಯೊದ ಕಲೆ ಇವತ್ತಿನದಕ್ಕೆ ಹೊಂದುವುದಿಲ್ಲ. ಯಾವುದಾದರೂ ವೀಕ್ಷಣಾಲಯದ ಇವತ್ತಿನ ಸೂರ್ಯನ ಚಿತ್ರ ತೆರೆದು ಪಕ್ಕದಲ್ಲಿಟ್ಟು ನೋಡಿ. ಕ್ಯಾಮೆರಾ ಯಾವ ಊರಲ್ಲಿದೆ, ಯಾವ ಫಿಲ್ಟರ್ ಅಂತ ಹೇಳದ ಲೈವ್ ನಾನಂತೂ ನೋಡುವುದಿಲ್ಲ.

ಅಲ್ಲಿ ಮೋಡ ಬಂದರೆ ಏನು ಮಾಡೋದು?

ಬೇರೆ ಊರಿನ ಲೈವ್‌ಗೆ ಹೋಗುವುದು. ಮೊದಲೇ ಮೂರು ನಾಲ್ಕು ಲಿಂಕ್ ತೆಗೆದಿಟ್ಟುಕೊಳ್ಳಿ, ಬೇರೆ ಬೇರೆ ದೇಶದವು. ಉಪಗ್ರಹದ ಚಿತ್ರ ಒಂದು ಇರಲಿ, ಅಲ್ಲಿ ಮೋಡದ ಕಾಟವೇ ಇಲ್ಲ. ಆದರೆ ಅದು ಸ್ವಲ್ಪ ತಡವಾಗಿ ಬರುತ್ತದೆ.

ಈ ಅನುಕೂಲ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು ಅನ್ನುವುದಕ್ಕೆ ಫ್ರಾನ್ಸ್‌ನ ಖಗೋಳಜ್ಞ ಗಿಯೋಮ್ ಲ ಜಾಂತಿ ಸಾಕ್ಷಿ. 1761ರ ಶುಕ್ರ ಸಂಕ್ರಮಣ ನೋಡಲು ಅವನು ಪಾಂಡಿಚೇರಿಗೆ ಹೊರಟ. ದಾರಿಯಲ್ಲಿರುವಾಗಲೇ ಊರು ಇಂಗ್ಲಿಷರ ಕೈಗೆ ಹೋಗಿತ್ತು. ಆ ದಿನ ಅವನು ಸಮುದ್ರದ ಮಧ್ಯೆ. ಆಕಾಶ ಶುಭ್ರ, ಆದರೆ ಓಲಾಡುವ ಹಡಗಿನಿಂದ ಅಳತೆ ಮಾಡುವುದು ಹೇಗೆ? ಇನ್ನೊಂದು ಎಂಟು ವರ್ಷಕ್ಕೆ ಬರುತ್ತದೆ ಅಂತ ಊರಿಗೆ ಹೋಗದೆ ಈ ಕಡೆಯೇ ಉಳಿದ. 1769ರ ಜೂನ್‌ನಲ್ಲಿ ಪಾಂಡಿಚೇರಿಯಲ್ಲೇ ಎಲ್ಲ ಸಜ್ಜು ಮಾಡಿಕೊಂಡು ಕೂತ. ಬೆಳಿಗ್ಗೆ ಸರಿಯಾಗಿ ಅದೇ ಹೊತ್ತಿಗೆ ಮೋಡ ಕವಿಯಿತು, ಸಂಕ್ರಮಣ ಮುಗಿದ ಮೇಲೆ ಬಿಸಿಲು ಬಂತು. 1771ರಲ್ಲಿ ಊರು ಸೇರಿದರೆ, ಇವನು ಸತ್ತೇ ಹೋದ ಅಂದುಕೊಂಡು ವಾರಸುದಾರರು ಆಸ್ತಿ ಹಂಚಿಕೊಳ್ಳಲು ಹೊರಟಿದ್ದರು. ಫ್ರಾನ್ಸ್‌ನ ವಿಜ್ಞಾನ ಅಕಾಡೆಮಿಯಲ್ಲಿದ್ದ ಸ್ಥಾನವೂ ಹೋಗಿತ್ತು.

ನಮಗೂ ಶುಕ್ರನ ಜೂನ್ ಸಂಕ್ರಮಣ ಅಂದರೆ ಮುಂಗಾರಿನ ಜೊತೆ ಜೂಜೇ. ನವೆಂಬರ್‌ನ ಬುಧ ಪರವಾಗಿಲ್ಲ, ಹಿಂಗಾರು ಕೈಕೊಡದಿದ್ದರೆ.

## ಇನ್ನೂ ಒಳಗೆ ಹೋಗುವವರಿಗೆ

ಲೈವ್ ಅಂದರೆ ಆ ಕ್ಷಣದ್ದೇನಾ?

ಎರಡು ತಡ ಇವೆ. ಇಂಟರ್ನೆಟ್‌ನಲ್ಲಿ ಬರಲು ಕೆಲವು ಸೆಕೆಂಡಿನಿಂದ ಒಂದು ನಿಮಿಷದವರೆಗೆ. ಸಮಯ ಬರೆದುಕೊಳ್ಳುವವರು ಪ್ರಸಾರದಲ್ಲಿ ತೋರಿಸುವ ಗಡಿಯಾರ ನೋಡಿ, ಗೋಡೆ ಗಡಿಯಾರ ಬೇಡ. ಇನ್ನೊಂದು ಬೆಳಕಿನ ತಡ. ಸೂರ್ಯನ ಬೆಳಕು ನಮಗೆ ಬರಲು 8 ನಿಮಿಷ 20 ಸೆಕೆಂಡ್. ಅದು ಬುಧನ ಪಕ್ಕ ಹಾದು ಬರುವಾಗ, ನವೆಂಬರ್ ಸಂಕ್ರಮಣದಲ್ಲಿ, ಇನ್ನೂ ಐದೂವರೆ ನಿಮಿಷಕ್ಕೂ ಸ್ವಲ್ಪ ಜಾಸ್ತಿ ದಾರಿ ಉಳಿದಿರುತ್ತದೆ. ಅಂದರೆ ಒಂದೇ ಚಿತ್ರದಲ್ಲಿ ಕಾಣುವ ಬುಧ ಮತ್ತು ಸೂರ್ಯ ಒಂದೇ ಕ್ಷಣದವರಲ್ಲ.

ಎರಡು ಲೈವ್ ಒಟ್ಟಿಗೆ ಇಟ್ಟೆ. ಒಂದರಲ್ಲಿ ಬುಧ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಯಾಕೆ?

ಟೆಲಿಸ್ಕೋಪ್‌ಗಳ ಚೇಷ್ಟೆ. ಕೆಲವು ತಲೆಕೆಳಗು ತೋರಿಸುತ್ತವೆ, ಒಳಗೆ ಕನ್ನಡಿ ಇದ್ದರೆ ಎಡ ಬಲ ಅದಲು ಬದಲಾಗುತ್ತದೆ. ದಕ್ಷಿಣ ಗೋಳಾರ್ಧದ ಕ್ಯಾಮೆರಾಗೆ ಸೂರ್ಯನೇ ಬೇರೆ ಮಗ್ಗುಲಲ್ಲಿ ಕಾಣುತ್ತಾನೆ. ನಮ್ಮಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತವರಿಗೆ ನವೆಂಬರ್‌ನ ನಡುಹಗಲಲ್ಲಿ ಬುಧ ಎಡದಿಂದ, ಅಂದರೆ ಪೂರ್ವದ ಅಂಚಿನಿಂದ, ಬಲಕ್ಕೆ ಹೋಗುತ್ತಾನೆ. ಸಾದಾ ಸ್ಟ್ಯಾಂಡಿನ ಟೆಲಿಸ್ಕೋಪ್ ಆಗಿದ್ದರೆ ಹೊತ್ತು ಸರಿದಂತೆ ಚಿತ್ರವೇ ತಿರುಗುತ್ತದೆ, ಆಗ ನೇರ ದಾರಿ ಬಿಲ್ಲಿನಂತೆ ಬಾಗಿದ ಹಾಗೆ ಕಾಣುತ್ತದೆ.

ಇದರಿಂದ ಸೂರ್ಯನ ದೂರ ಅಳೀತಾರಂತೆ. ಎರಡು ಲೈವ್ ಇಟ್ಟುಕೊಂಡು ನಾವೂ ಮಾಡಬಹುದಾ?

ದೂರ ದೂರದ ಎರಡು ಊರಿನಿಂದ ನೋಡಿದರೆ ಗ್ರಹದ ದಾರಿ ಸೂರ್ಯನ ಮೇಲೆ ಸ್ವಲ್ಪ ಮೇಲೆ ಕೆಳಗೆ ಸರಿಯುತ್ತದೆ. ಊರುಗಳ ನಡುವಿನ ದೂರ ಗೊತ್ತಿದ್ದರೆ ಆ ಸರಿತದಿಂದ ಸೂರ್ಯನ ದೂರ ಸಿಗುತ್ತದೆ. 1716ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಎಡ್ಮಂಡ್ ಹ್ಯಾಲಿ ಶುಕ್ರನನ್ನು ಹಿಡಿದು ಹೀಗೆ ಅಳೆಯಿರಿ ಅಂದ. 1761, 1769ರಲ್ಲಿ ಯುರೋಪಿನವರು ಲೋಕದ ಮೂಲೆಮೂಲೆಗೆ ಹಡಗು ಹತ್ತಿದ್ದು ಅದಕ್ಕೇ. ಕ್ಯಾಪ್ಟನ್ ಕುಕ್ ತಾಹಿತಿಗೆ ಹೋಗಿದ್ದೂ ಅದಕ್ಕೇ. 1874ರ ಸಂಕ್ರಮಣಕ್ಕೆ ಮುಂಚೆ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಜನಸಾಮಾನ್ಯರಿಗಾಗಿ ಒಂದು ಪುಸ್ತಿಕೆ ಬರೆದರು, ಅದು ಕನ್ನಡದಲ್ಲೂ ಬಂತು. ಅಂದರೆ ಕನ್ನಡದಲ್ಲಿ ಈ ವಿಷಯ ಓದುವವರು ಒಂದೂವರೆ ಶತಮಾನದ ಹಿಂದೆಯೇ ಇದ್ದರು.

ಲೈವ್‌ನಿಂದ ಮಾಡಬಹುದಾ ಅಂದರೆ, ಬುಧನಲ್ಲಿ ಬಹಳ ಕಷ್ಟ. ಭೂಮಿಯ ಎರಡು ತುದಿಯಿಂದ ನೋಡಿದರೂ ನವೆಂಬರ್‌ನಲ್ಲಿ ಅವನು ಸರಿಯುವುದು ಸುಮಾರು ಎಂಟು ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗಕ್ಕೆ ಒಂದು ಆರ್ಕ್ ಸೆಕೆಂಡ್). ಅವನ ಅಗಲವೇ ಹತ್ತು. 1080ರ ಲೈವ್‌ನಲ್ಲಿ ಅದು ನಾಲ್ಕು ಪಿಕ್ಸೆಲ್ಲು! ಸರಿತ ಇದೆ ಅಂತ ತೋರಿಸಬಹುದು, ಒಳ್ಳೆಯ ಉತ್ತರ ಬರುವುದಿಲ್ಲ. ಕಾಲೇಜು ಮಕ್ಕಳಿಗೆ ನನ್ನ ಸಲಹೆ: ಲೈವ್ ಬಿಡಿ, ಬೇರೆ ಊರಿನ ಗೆಳೆಯರಿಂದ ಒಂದೇ ಕ್ಷಣದ ಪೂರ್ತಿ ಗಾತ್ರದ ಫೋಟೊ ತರಿಸಿ. ಕಲೆಗಳನ್ನು ಗುರುತಾಗಿ ಇಟ್ಟುಕೊಂಡು ಎರಡನ್ನೂ ಹೊಂದಿಸಿ.

ಅಂಚು ಬಿಡುವಾಗ ಚುಕ್ಕಿ ಅಂಟಿಕೊಂಡು ಹನಿಯಂತೆ ಎಳೆದುಕೊಂಡಿತು. ಅದು ಗ್ರಹದ ಗಾಳಿಯಾ?

ಅಲ್ಲ. ಕಪ್ಪು ಹನಿ ಅಂತ ಇದಕ್ಕೆ ಹೆಸರು. 18ನೇ ಶತಮಾನದವರ ಅಳತೆ ಕೆಡಿಸಿದ್ದು ಇದೇ. ಗ್ರಹ ಪೂರ್ತಿ ಒಳಗೆ ಬಂದ ಕ್ಷಣ ಯಾವುದು ಅಂತ ಪಕ್ಕಪಕ್ಕದಲ್ಲಿ ನಿಂತವರಿಗೇ ಒಮ್ಮತ ಬರಲಿಲ್ಲ. ಮೊದಲು ಶುಕ್ರನ ವಾತಾವರಣ ಕಾರಣ ಅಂದುಕೊಂಡರು. ಆದರೆ 1999ರಲ್ಲಿ ಟ್ರೇಸ್ ಉಪಗ್ರಹ ತೆಗೆದ ಬುಧನ ಚಿತ್ರಗಳಲ್ಲೂ ಇದು ಸಿಕ್ಕಿತು. ಬುಧನಿಗೆ ಹೇಳಿಕೊಳ್ಳುವಂಥ ವಾತಾವರಣ ಇಲ್ಲ, ಉಪಗ್ರಹಕ್ಕೆ ನಮ್ಮ ಗಾಳಿಯ ಅಡ್ಡಿಯೂ ಇಲ್ಲ. ಉಳಿದದ್ದು ಎರಡು: ಯಾವ ಟೆಲಿಸ್ಕೋಪಾದರೂ ಚಿತ್ರವನ್ನು ಸ್ವಲ್ಪ ಮಸುಕು ಮಾಡುತ್ತದೆ, ಮತ್ತು ಸೂರ್ಯ ಅಂಚಿನ ಕಡೆ ತಾನೇ ಮಂಕಾಗಿದ್ದಾನೆ. ಎರಡೂ ಸೇರಿ ಆ ಹನಿ.

ಶುಕ್ರನ ವಾತಾವರಣ ಕಾಣುವುದು ಬೇರೆ ರೀತಿ. ಅರ್ಧ ಹೊರಗಿರುವಾಗ ಹೊರಗಿನ ಭಾಗದ ಸುತ್ತ ತೆಳ್ಳನೆ ಬೆಳಕಿನ ಗೆರೆ.

ನಮ್ಮ ಆದಿತ್ಯ-ಎಲ್1 ಇದೆಯಲ್ಲ, ಅಲ್ಲಿಂದ ಕಾಣಲ್ವಾ?

ಅಲ್ಲಿಂದ ಕಾಣುವ ಸಂಕ್ರಮಣವೇ ಬೇರೆ. ಆದಿತ್ಯ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ (ಸೂರ್ಯ, ಭೂಮಿ ಎರಡರ ಸೆಳೆತ ಹೊಂದಿಕೊಂಡು ನೌಕೆ ಭೂಮಿಯ ಜೊತೆಗೇ ಸಾಗಬಲ್ಲ ಜಾಗ) ಸುತ್ತ ದೊಡ್ಡ ಕಕ್ಷೆಯಲ್ಲಿ ಸುತ್ತುತ್ತದೆ, 2024ರ ಜನವರಿ 6ರಂದು ಅಲ್ಲಿಗೆ ಸೇರಿತು. ಆ ಕಕ್ಷೆ ಭೂಮಿ-ಸೂರ್ಯರ ಗೆರೆಯಿಂದ ಲಕ್ಷಗಟ್ಟಲೆ ಕಿಲೋಮೀಟರ್ ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಗ್ರಹದ ದಾರಿ ಅಲ್ಲಿಂದ ನೋಡಿದರೆ ಬಹಳ ಸರಿದಿರುತ್ತದೆ, ಕೆಲವೊಮ್ಮೆ ಸೂರ್ಯನಿಗೆ ತಾಗುವುದೇ ಇಲ್ಲ. ಇಂಥದ್ದೇ ಜಾಗದಲ್ಲಿರುವ ಸೋಹೊ ನೌಕೆಗೆ 2004ರ ಶುಕ್ರ ಸಂಕ್ರಮಣ ಸಿಗದೆ ಹೋಗಿದ್ದು ಇದೇ ಕಾರಣಕ್ಕೆ. ಅದರ ಕಣ್ಣಿಗೆ ಶುಕ್ರ ಕರೋನಾದಲ್ಲಿ ಹಾದು ಹೋಯಿತಷ್ಟೇ. ಆದಿತ್ಯದ ಯೋಜಿತ ಆಯುಸ್ಸು ಐದು ವರ್ಷ, 2032 ಅದರಾಚೆ.

ಬೇರೆ ನಕ್ಷತ್ರಗಳ ಗ್ರಹ ಹುಡುಕೋದೂ ಹೀಗೇನಂತೆ?

ಹೌದು, ಆದರೆ ಅಲ್ಲಿ ಚುಕ್ಕಿ ಕಾಣುವುದಿಲ್ಲ. ನಕ್ಷತ್ರದ ಬೆಳಕು ಎಷ್ಟು ಕಡಿಮೆ ಆಯಿತು ಅಂತ ಅಳೆಯುತ್ತಾರೆ. 1999ರಲ್ಲಿ ಎಚ್‌ಡಿ 209458 ಅನ್ನುವ ನಕ್ಷತ್ರದಲ್ಲಿ ಮೊದಲ ಸಲ ಇದು ಸಿಕ್ಕಿತು. ಆಮೇಲೆ ಕೆಪ್ಲರ್ ದೂರದರ್ಶಕ ಇದೇ ವಿಧಾನದಿಂದ ಸಾವಿರಾರು ಗ್ರಹ ಹುಡುಕಿತು. ನಮ್ಮ ಲೆಕ್ಕದಲ್ಲಿ 2012ರ ಶುಕ್ರ ಸೂರ್ಯನ ಬೆಳಕನ್ನು ಸುಮಾರು ಶೇಕಡಾ 0.1ರಷ್ಟು ತಡೆದ. ನವೆಂಬರ್‌ನ ಬುಧ ತಡೆಯುವುದು ಶೇಕಡಾ 0.003ಕ್ಕಿಂತ ಕಡಿಮೆ.

ನಮ್ಮ ಶಾಲೆಯಿಂದ ನಾವೇ ಲೈವ್ ಕೊಡಬಹುದಾ?

ಖಂಡಿತ. 60ರಿಂದ 80 ಮಿಲಿಮೀಟರ್‌ನ ಲೆನ್ಸ್ ಟೆಲಿಸ್ಕೋಪ್ ಸಾಕು, 50ರಿಂದ 100 ಪಟ್ಟು ಹಿಗ್ಗಿಸಿದರೆ ಬುಧ ಸಿಗುತ್ತಾನೆ. ಸೂರ್ಯನ ಫಿಲ್ಟರ್ ಟೆಲಿಸ್ಕೋಪ್‌ನ ಮುಂಭಾಗದ ಬಾಯಿಗೆ ಹಾಕಬೇಕು, ಗಾಳಿಗೆ ಹಾರದಂತೆ ಟೇಪ್ ಸುತ್ತಿ. ಐಪೀಸ್‌ಗೆ, ಅಂದರೆ ಕಣ್ಣಿಡುವ ಕಡೆಯ ಲೆನ್ಸ್‌ಗೆ, ಹಾಕುವ ಪುಟ್ಟ ಕಪ್ಪು ಗಾಜು ಹಳೇ ಟೆಲಿಸ್ಕೋಪ್ ಜೊತೆ ಬಂದಿದ್ದರೆ ಎಸೆದುಬಿಡಿ, ಬಿಸಿಗೆ ಒಡೆಯುತ್ತದೆ. ಗುರಿ ಹಿಡಿಯಲು ಪಕ್ಕದಲ್ಲಿರುವ ಚಿಕ್ಕ ದುರ್ಬೀನು, ಫೈಂಡರ್‌ಗೂ ಮುಚ್ಚಳ ಹಾಕಿ, ಮಕ್ಕಳು ಮೊದಲು ಕಣ್ಣಿಡುವುದೇ ಅದಕ್ಕೆ.

ಫೋನನ್ನು ಕ್ಲಿಪ್ಪಿನಿಂದ ಐಪೀಸ್‌ಗೆ ಸಿಕ್ಕಿಸಿ, ಫೋಕಸ್ ಮತ್ತು ಬೆಳಕು ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಫೋನ್ ತಾನೇ ಬೆಳಕು ಏರಿಸಿ ಬುಧನನ್ನು ನುಂಗಿಬಿಡುತ್ತದೆ. ಫೋಕಸ್ ಮಾಡಲು ಸೂರ್ಯನ ಕಲೆ ಸಿಕ್ಕರೆ ಅದನ್ನೇ ಹಿಡಿಯಿರಿ. ಯೂಟ್ಯೂಬ್‌ನಲ್ಲಿ ಮೊದಲ ಸಲ ಲೈವ್ ಅನುಮತಿ ಬರಲು 24 ಗಂಟೆ ಹಿಡಿಯಬಹುದು, ಹಾಗಾಗಿ ಅವತ್ತೇ ಬೆಳಿಗ್ಗೆ ಶುರು ಹಚ್ಚಿಕೊಳ್ಳಬೇಡಿ. ಒಂದು ವಾರ ಮುಂಚೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಬರೀ ಸೂರ್ಯನನ್ನು ಪ್ರಸಾರ ಮಾಡಿ ನೋಡಿ. ಮಧ್ಯಾಹ್ನ 3 ಗಂಟೆಗೆ ಶಾಲೆಯ ತೆಂಗಿನ ಮರ ಅಡ್ಡ ಬರುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು.